ಹ್ಯಾಮ್ ತಂಡಗಳಿಗೆ ದರ್ಜೆ ಕೊಡುವಾಗ ಏನನ್ನು ನೋಡಬೇಕು?

ವಿಪತ್ತು ನಿರ್ವಹಣೆಯ ಹೊಣೆ ಹೊತ್ತ ಅಧಿಕಾರಿಯೊಬ್ಬರು ಹವ್ಯಾಸಿ ರೇಡಿಯೊ (ಹ್ಯಾಮ್) ತಂಡವನ್ನು ನೆರವಿಗೆ ಕರೆಯುವಾಗ ಅವರಿಗೆ ಮುಖ್ಯವಾಗಿ ತಿಳಿಯಬೇಕಾದದ್ದು, ಬರುವ ತಂಡ ಯಾವ ಕೆಲಸ ಮಾಡಬಲ್ಲದು ಮತ್ತು ಹೊರಗಿನ ಸಹಾಯವಿಲ್ಲದೆ ಎಷ್ಟು ಹೊತ್ತು ಮಾಡಬಲ್ಲದು ಎಂಬುದು. ‘ನಮ್ಮಲ್ಲಿ 20 ಪರವಾನಗಿದಾರರಿದ್ದಾರೆ, 12 ರೇಡಿಯೊಗಳಿವೆ’ ಎಂಬ ಪಟ್ಟಿಯಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಸ್ವಯಂಸೇವಕ ತಂಡಗಳ ಸಿದ್ಧತೆಯನ್ನು ಪರಿಶೀಲಿಸುತ್ತ ಬಂದಿರುವ ನನಗೆ ಇದು ಮನದಟ್ಟಾದದ್ದು ಒಂದು ಅಣಕು ಕಾರ್ಯಾಚರಣೆಯಲ್ಲಿ.

ಅಂದು ಬಂದಿದ್ದ ತಂಡದ ಬಳಿ 100 ವ್ಯಾಟ್‌ನ ಉತ್ತಮ ಎಚ್‌ಎಫ್ ರೇಡಿಯೊ (ದೂರದ ಸಂಪರ್ಕಕ್ಕೆ ಬಳಸುವಂಥದ್ದು) ಇತ್ತು, ಪೂರ್ತಿ ಚಾರ್ಜ್ ಆದ ಬ್ಯಾಟರಿಯೂ ಇತ್ತು. ಆದರೆ ರೇಡಿಯೊ ಕೇಬಲ್‌ನ ತುದಿಯಲ್ಲಿದ್ದದ್ದು ಪವರ್‌ಪೋಲ್ ಕನೆಕ್ಟರ್, ಬ್ಯಾಟರಿ ವೈರ್‌ನ ತುದಿಯಲ್ಲಿದ್ದದ್ದು ಬೋಲ್ಟಿಗೆ ಸಿಕ್ಕಿಸುವ ಲಗ್. ಎರಡನ್ನೂ ಜೋಡಿಸುವ ತುಂಡು ವೈರ್ ಯಾರ ಚೀಲದಲ್ಲೂ ಇರಲಿಲ್ಲ. ಕೊನೆಗೆ ವೈರ್ ಕತ್ತರಿಸಿ ಕೈಯಿಂದಲೇ ಹೊಸೆದು ಕಟ್ಟಿದರು. ಕೇಳಿಸಿಕೊಳ್ಳುವಷ್ಟು ಹೊತ್ತು ಎಲ್ಲವೂ ಸರಿಯಿತ್ತು. ಮಾತನಾಡಲು ಗುಂಡಿ ಒತ್ತಿದ ಕೂಡಲೇ ವೋಲ್ಟೇಜ್ ಕುಸಿದು ರೇಡಿಯೊ ಆರಿಹೋಯಿತು. ಕಾಗದದ ಮೇಲೆ ಆ ತಂಡ ಮೇಲಿನ ದರ್ಜೆಯದ್ದಾಗಿತ್ತು.

ಅಮೆರಿಕದ ರಾಷ್ಟ್ರೀಯ ಘಟನಾ ನಿರ್ವಹಣಾ ವ್ಯವಸ್ಥೆಯು ತುರ್ತು ಸಂಪನ್ಮೂಲಗಳನ್ನು ಕನಿಷ್ಠ ಸಾಮರ್ಥ್ಯದ ಆಧಾರದ ಮೇಲೆ ವಿಂಗಡಿಸುತ್ತದೆ. ಅಲ್ಲಿ ಟೈಪ್ 1 ಎಂದರೆ ಅತಿ ಹೆಚ್ಚು ಸಾಮರ್ಥ್ಯ. ಅಂಕಿ ಹೆಚ್ಚಿದಂತೆ ಸಾಮರ್ಥ್ಯ ಇಳಿಯುತ್ತದೆ. ಹ್ಯಾಮ್ ತಂಡಗಳಿಗೂ ಈ ಕ್ರಮ ಚೆನ್ನಾಗಿ ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ಒಂದು ದರ್ಜೆಗೆ ಹೇಳಿರುವ ಎಲ್ಲ ಕನಿಷ್ಠ ಅಗತ್ಯಗಳನ್ನೂ ತಂಡ ಪೂರೈಸಿರಬೇಕು. ಒಂದು ಕೊರತೆ ಇದ್ದರೂ ತಂಡ ಕೆಳಗಿನ ದರ್ಜೆಗೇ ಸೇರಬೇಕು. ಕೆಳಗಿನ ದರ್ಜೆ ಎಂದರೆ ಕಳಪೆ ತಂಡ ಎಂದು ಯಾರೂ ತಿಳಿಯಬಾರದು. ಆಶ್ರಯ ಕೇಂದ್ರವೊಂದರಲ್ಲಿ ಕುಳಿತು ಹತ್ತಿರದ ಆಸ್ಪತ್ರೆಯೊಂದಿಗೆ ಸಂಪರ್ಕ ಇಟ್ಟುಕೊಳ್ಳಲು 5 ವ್ಯಾಟ್‌ನ ಹ್ಯಾಂಡಿ (ಕೈಯಲ್ಲಿ ಹಿಡಿಯುವ ರೇಡಿಯೊ) ಹಿಡಿದ ಇಬ್ಬರು ಸಾಕು. ಅವರನ್ನು ನಾನು ಪರೀಕ್ಷಿಸುವುದು ಒಂದೇ ವಿಷಯದಲ್ಲಿ: ಸಂಕೇತವನ್ನು ಹಿಡಿದು ಮರುಪ್ರಸಾರ ಮಾಡುವ ರಿಪೀಟರ್ ಕೈಕೊಟ್ಟಾಗ ನೇರ ಸಂಪರ್ಕಕ್ಕೆ ಯಾವ ಫ್ರೀಕ್ವೆನ್ಸಿಗೆ ಹೋಗಬೇಕೆಂದು ಇಬ್ಬರಿಗೂ ಮೊದಲೇ ಗೊತ್ತಿದೆಯೇ?

ಮಧ್ಯದ ದರ್ಜೆಗೆ ದೂರದ ಪ್ರಶ್ನೆ ಬರುತ್ತದೆ. ಬೆಟ್ಟ ಅಡ್ಡ ಬಂದರೆ ಹತ್ತಿರದ ಸಂಪರ್ಕಕ್ಕೆ ಬಳಸುವ ವಿಎಚ್‌ಎಫ್ ತರಂಗ ಅಲ್ಲಿಗೇ ನಿಲ್ಲುತ್ತದೆ. ಆಗ ನೆಲದಿಂದ ಕೆಲವೇ ಮೀಟರ್ ಎತ್ತರದಲ್ಲಿ ಅಡ್ಡಲಾಗಿ ಕಟ್ಟಿದ ತಂತಿ ಆಂಟೆನಾದಿಂದ ಎಚ್‌ಎಫ್ ತರಂಗವನ್ನು ಬಹುತೇಕ ನೆಟ್ಟಗೆ ಮೇಲಕ್ಕೆ ಕಳುಹಿಸಿ, ವಾತಾವರಣದ ಮೇಲಿನ ಪದರವಾದ ಅಯಾನುಗೋಳದಿಂದ ಅದು ಹಿಂದಿರುಗಿ ಬೀಳುವಂತೆ ಮಾಡಿ, ಸುತ್ತಲಿನ ಕೆಲವು ನೂರು ಕಿಲೋಮೀಟರ್‌ಗಳನ್ನು ತಲುಪಬಹುದು. ಹಗಲಿನಲ್ಲಿ ಸಾಮಾನ್ಯವಾಗಿ 7 ಮೆಗಾಹರ್ಟ್ಸ್, ರಾತ್ರಿ 3.5 ಮೆಗಾಹರ್ಟ್ಸ್ ಬ್ಯಾಂಡ್ ಇದಕ್ಕೆ ಒದಗುತ್ತದೆ. ಹೀಗಾಗಿ ಒಂದೇ ಬ್ಯಾಂಡ್‌ನ ಆಂಟೆನಾ ತಂದ ತಂಡವನ್ನು 24 ಗಂಟೆಯ ತಂಡವೆಂದು ನಾನು ಒಪ್ಪುವುದಿಲ್ಲ.

ವಿದ್ಯುತ್ತಿನ ಲೆಕ್ಕದಲ್ಲಿ ಹೆಚ್ಚಿನ ತಂಡಗಳು ಎಡವುತ್ತವೆ. 100 ವ್ಯಾಟ್‌ನ ರೇಡಿಯೊ ಕೇಳುವಾಗ ಸುಮಾರು 1 ಆಂಪಿಯರ್ ಎಳೆದರೆ, ಮಾತನಾಡುವಾಗ ಗರಿಷ್ಠ 20 ಆಂಪಿಯರ್‌ವರೆಗೂ ಎಳೆಯುತ್ತದೆ. ಮಾತಿನ ಸರಾಸರಿಯನ್ನು 10 ಆಂಪಿಯರ್ ಎಂದು ಹಿಡಿದು, ಐದನೇ ಒಂದು ಭಾಗದ ಸಮಯ ಮಾತನಾಡುತ್ತೇವೆ ಎಂದುಕೊಂಡರೆ, 24 ಗಂಟೆಗೆ ಸುಮಾರು 67 ಆಂಪಿಯರ್-ಗಂಟೆ ಬೇಕಾಗುತ್ತದೆ. 100 ಎಎಚ್ (ಆಂಪಿಯರ್-ಗಂಟೆ) ಎಂದು ಬರೆದಿರುವ ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯುಷ್ಯ ಕುಗ್ಗುತ್ತದೆ. ಆ ಮಿತಿಯಲ್ಲಿ ಅದು ಸುಮಾರು 18 ಗಂಟೆಗಳ ಕಾಲ ಮಾತ್ರ ಸಾಕಾಗುತ್ತದೆ. ದರ್ಜೆಗಾಗಿ ತಂಡ ಕೊಡುವ ಅರ್ಜಿಯಲ್ಲಿ ‘ಬ್ಯಾಟರಿ ಇದೆ’ ಎಂಬ ಸಾಲಿನ ಬದಲು ಈ ಲೆಕ್ಕವನ್ನೇ ಕೇಳಬೇಕು.

ಮೇಲಿನ ದರ್ಜೆಯ ತಂಡ 72 ಗಂಟೆ ತನ್ನ ಊಟ, ನೀರು, ವಸತಿ, ಇಂಧನವನ್ನು ತಾನೇ ನೋಡಿಕೊಳ್ಳಬೇಕು, ಇಂಟರ್‌ನೆಟ್ ಇಲ್ಲದ ಜಾಗದಿಂದ ವಿನ್‌ಲಿಂಕ್ ಎಂಬ ರೇಡಿಯೊ ಇಮೇಲ್ ವ್ಯವಸ್ಥೆಯ ಮೂಲಕ ಇಮೇಲ್ ಕಳುಹಿಸಬೇಕು, ನೆಟ್ ಕಂಟ್ರೋಲ್ (ಒಂದೇ ಫ್ರೀಕ್ವೆನ್ಸಿಯಲ್ಲಿ ಯಾರು ಯಾವಾಗ ಮಾತನಾಡಬೇಕೆಂಬ ನಿಯಂತ್ರಣ) ನಡೆಸಬೇಕು. ಎರಡು ಆಸನಗಳನ್ನು ಹಗಲು ರಾತ್ರಿ ಪಾಳಿಯಲ್ಲಿ ತುಂಬಲು ನಾಲ್ವರು ಬೇಕು, ಅವರಾಚೆಗೆ ನಾಯಕ ಒಬ್ಬರು. ಈ ಐವರೂ ಸಂದೇಶವನ್ನು ಫಾರಂನಲ್ಲಿ ಬರೆದು, ಬರೆದಂತೆಯೇ ಓದಿ, ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳಿ, ಆ ಕಡೆಯವರು ಮರಳಿ ಓದಿದ್ದನ್ನು ಕೇಳಿ ಖಚಿತಪಡಿಸಿಕೊಳ್ಳುವುದನ್ನು ಕಣ್ಣಾರೆ ನೋಡಿದ ಮೇಲೆಯೇ ನಾನು ಸಹಿ ಹಾಕುತ್ತೇನೆ. ಔಷಧದ ಪಟ್ಟಿಯಲ್ಲಿ ಒಂದು ಅಂಕಿ ತಪ್ಪಿದರೆ ಅದರ ಫಲ ಉಣ್ಣುವವರು ರೋಗಿಗಳು.

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 2003ರ ಸಮ್ಮೇಳನದಲ್ಲಿ ಪರಿಷ್ಕರಿಸಿದ ರೇಡಿಯೊ ನಿಯಮಗಳು, ಹವ್ಯಾಸಿ ಕೇಂದ್ರಗಳು ವಿಪತ್ತಿನ ಸಂವಹನಕ್ಕೆ ಸಿದ್ಧವಾಗಲು ಅನುವು ಮಾಡಿಕೊಡುವಂತೆ ಸದಸ್ಯ ರಾಷ್ಟ್ರಗಳನ್ನು ಪ್ರೋತ್ಸಾಹಿಸುತ್ತವೆ. ಆ ಸಿದ್ಧತೆಯನ್ನು ವರ್ಷಕ್ಕೊಮ್ಮೆಯಾದರೂ ಮೈದಾನದಲ್ಲಿ ಪರೀಕ್ಷಿಸಿ ದರ್ಜೆಯನ್ನು ನವೀಕರಿಸಬೇಕು. ಡಿಜಿಟಲ್ ಕೆಲಸ ಬಲ್ಲ ಒಬ್ಬರೇ ಊರು ಬಿಟ್ಟು ಹೋದರೂ ಮೇಲಿನ ದರ್ಜೆ ಆ ದಿನವೇ ಇಳಿಯುತ್ತದೆ. ಹಾಗಾಗಿ ಹೊರಡುವ ಮುನ್ನ ನಾಯಕರು ಕಳುಹಿಸುವ ಮೊದಲ ಸಂದೇಶದಲ್ಲಿ ತಂಡದ ಹೆಸರಿನ ಪಕ್ಕದಲ್ಲಿ ಆ ಹೊತ್ತಿನ ದರ್ಜೆ, ಹೊರಟವರ ಸಂಖ್ಯೆ ಮತ್ತು ಬ್ಯಾಟರಿ ಎಷ್ಟು ಗಂಟೆಗೆ ಸಾಕು ಎಂಬ ಮೂರು ವಿವರಗಳು ಇರಲೇಬೇಕು.