ಪದ ಪರಿಚಯ: ಕಾನ್‌ಬಾನ್

ಐಟಿ ಆಫೀಸಿನಲ್ಲಿ ಕೆಲಸ ಮಾಡುವವರಿಗೆ ಈ ಬೋರ್ಡ್ ಹೊಸದಲ್ಲ. ಮೂರು ಕಾಲಂ: ಮಾಡಬೇಕಾದ್ದು, ನಡೀತಿರೋದು, ಮುಗಿದದ್ದು. ಒಂದೊಂದು ಕೆಲಸಕ್ಕೆ ಒಂದೊಂದು ಚೀಟಿ. ಕೆಲಸ ಮುಂದೆ ಹೋದ ಹಾಗೆ ಚೀಟಿಯನ್ನು ಎಡದಿಂದ ಬಲಕ್ಕೆ ಸರಿಸುತ್ತಾ ಹೋಗುವುದು. ಇದೇ ಕಾನ್‌ಬಾನ್ ಬೋರ್ಡ್.

ಕಾನ್‌ಬಾನ್ ಜಪಾನಿ ಪದ. ಅಂಗಡಿ ಮುಂದಿನ ನಾಮಫಲಕಕ್ಕೆ ಅಲ್ಲಿ ಹಾಗೆ ಹೇಳುತ್ತಾರೆ. ಅದನ್ನು ಕಾರ್ಖಾನೆಯೊಳಗೆ ತಂದವರು ಟೊಯೋಟಾ ಕಂಪನಿಯ ತಾಯಿಚಿ ಓನೋ. ಎರಡನೇ ಮಹಾಯುದ್ಧ ಮುಗಿದ ಮೇಲೆ ಆ ಕಂಪನಿಯ ಕೈಯಲ್ಲಿ ದುಡ್ಡು ಕಮ್ಮಿ ಇತ್ತು. ಗೋಡೌನ್ ತುಂಬ ಬಿಡಿಭಾಗ ಪೇರಿಸಿಟ್ಟುಕೊಂಡು ಕೂರುವ ಹಾಗಿರಲಿಲ್ಲ. ಓನೋಗೆ ಹೊಳೆದದ್ದು ಅಮೆರಿಕದ ಸೂಪರ್‌ಮಾರ್ಕೆಟ್. ಗಿರಾಕಿ ತನಗೆ ಬೇಕಾದಷ್ಟು ತಗೊಂಡು ಹೋಗುತ್ತಾನೆ, ಖಾಲಿಯಾದಷ್ಟನ್ನೇ ಅಂಗಡಿಯವರು ಮತ್ತೆ ಜೋಡಿಸುತ್ತಾರೆ. 1953ರಲ್ಲಿ ಈ ಪದ್ಧತಿ ಟೊಯೋಟಾದ ಮೆಷಿನ್ ಶಾಪಿಗೆ ಬಂತು. ಪ್ಲಾಸ್ಟಿಕ್ ಕವರಿನಲ್ಲಿ ಒಂದು ಚೀಟಿ, ಅದೇ ಕಾನ್‌ಬಾನ್. ಅದರಲ್ಲಿ ಯಾವ ಭಾಗ, ಎಷ್ಟು, ಎಲ್ಲಿಗೆ ಅಂತ ಬರೆದಿರುತ್ತಿತ್ತು. ಮುಂದಿನ ವಿಭಾಗದಿಂದ ಚೀಟಿ ವಾಪಸ್ ಬಂದರೆ ಮಾತ್ರ ಹಿಂದಿನ ವಿಭಾಗ ಕೆಲಸ ಶುರು ಮಾಡಬೇಕು. ಚೀಟಿ ಬರಲಿಲ್ಲವೋ, ಸುಮ್ನೆ ಇರಬೇಕು.

ದರ್ಶಿನಿಗೆ ಹೋದರೆ ಇದು ಕಣ್ಣೆದುರೇ ಕಾಣುತ್ತದೆ. ಕೌಂಟರಿನ ಚಟ್ನಿ ಬಕೆಟ್ ಖಾಲಿಯಾಗಿ ಅಡುಗೆಮನೆಗೆ ಹೋಯಿತು ಅಂದರೆ, ಒಳಗಿನವರಿಗೆ ಬೇರೆ ಹೇಳಬೇಕಾಗಿಲ್ಲ. ಖಾಲಿ ಬಕೆಟ್ಟೇ ಕಾನ್‌ಬಾನ್. ಪಕ್ಕದಲ್ಲಿ ದೋಸೆ ಭಟ್ಟರನ್ನು ನೋಡಿ. ಎದುರಿಗೆ ಬಿಲ್ ಚೀಟಿ ಇಪ್ಪತ್ತು ಬಿದ್ದಿರಲಿ, ಕಾವಲಿ ಮೇಲೆ ಹಿಡಿಸುವುದು ಎಂಟೇ ದೋಸೆ ಅಂದರೆ ಎಂಟೇ ಹುಯ್ಯುತ್ತಾರೆ. ಒಂಬತ್ತನೆಯದು ಕಾಯಬೇಕು. ಎಷ್ಟೇ ಕೂಗಾಡಿದರೂ ಕಾವಲಿ ಅಗಲ ಆಗಲ್ಲ, ಅಲ್ವಾ?

ನಮ್ಮ ಬೋರ್ಡುಗಳಲ್ಲಿ ಕಾಣೆಯಾಗಿರುವುದು ಈ ಕಾವಲಿಯೇ. 2000ದ ದಶಕದಲ್ಲಿ ಡೇವಿಡ್ ಆಂಡರ್ಸನ್ ಮತ್ತು ಅವರ ಜೊತೆಯವರು ಕಾನ್‌ಬಾನನ್ನು ಸಾಫ್ಟ್‌ವೇರ್ ಕೆಲಸಕ್ಕೆ ಒಗ್ಗಿಸಿದಾಗ, ‘ನಡೀತಿರೋದು’ ಕಾಲಂಗೆ ಒಂದು ಮಿತಿ ಹಾಕಿದರು. ಮೂರು ಅಂದರೆ ಮೂರೇ ಚೀಟಿ. ಒಂದು ಮುಗಿದು ಆಚೆ ಹೋಗುವ ತನಕ ನಾಲ್ಕನೆಯದಕ್ಕೆ ಜಾಗವಿಲ್ಲ. ಆಮೇಲೆ 2011ರಲ್ಲಿ ಟ್ರೆಲ್ಲೋ ಬಂತು, ಅಂಥದ್ದೇ ಆ್ಯಪ್‌ಗಳು ಇನ್ನೂ ಬಂದವು. ಕಾಲಂ ಮಾಡುವುದು, ಬಣ್ಣ ಹಚ್ಚುವುದು ಬಹಳ ಸುಲಭವಾಯಿತು. ಮಿತಿಯನ್ನು ಮಾತ್ರ ಎಲ್ಲರೂ ಮರೆತರು. ಮಿತಿ ಇಲ್ಲದ ಬೋರ್ಡನ್ನು ನಾನು ಕಾನ್‌ಬಾನ್ ಅನ್ನುವುದಿಲ್ಲ. ಅದು ಬರೀ ಅಂದವಾದ ಪಟ್ಟಿ.

ಮಿತಿ ಯಾಕೆ ಬೇಕು ಅನ್ನುವುದಕ್ಕೆ ಒಂದು ಲೆಕ್ಕ ಇದೆ. 1961ರಲ್ಲಿ ಜಾನ್ ಲಿಟಲ್ ಅನ್ನುವವರು ಸಾಬೀತು ಮಾಡಿದ ಸೂತ್ರ. ನೀವು ವಾರಕ್ಕೆ ಸರಾಸರಿ ಮೂರು ಕೆಲಸ ಮುಗಿಸುತ್ತೀರಿ ಅಂದುಕೊಳ್ಳಿ. ಒಟ್ಟಿಗೆ ಹನ್ನೆರಡು ಕೈಗೆತ್ತಿಕೊಂಡರೆ ಒಂದೊಂದೂ ಮುಗಿಯುವುದಕ್ಕೆ ಸರಾಸರಿ ನಾಲ್ಕು ವಾರ. ಮೂರೇ ಎತ್ತಿಕೊಂಡರೆ ಒಂದು ವಾರ. ನಿಮ್ಮ ವೇಗ ಒಂಚೂರೂ ಜಾಸ್ತಿ ಆಗಿಲ್ಲ, ನೋಡಿ.

ನಮ್ಮ ಮನೆ ಫ್ರಿಜ್ ಬಾಗಿಲ ಮೇಲೆ ಇಂಥದ್ದೊಂದು ಬೋರ್ಡ್ ಇದೆ. ಮೊದಲು ಹಾಕಿದ ಚೀಟಿ ‘ಇ-ಖಾತಾ ಮಾಡಿಸುವುದು’. ಎರಡು ತಿಂಗಳು ಅದು ಜಾಗ ಬಿಟ್ಟು ಕದಲಲಿಲ್ಲ. ಓದಿದಾಗಲೆಲ್ಲ ಒಂಥರಾ ಸುಸ್ತು. ಕೊನೆಗೆ ಅದನ್ನು ಹರಿದು ಹೊಸದು ಬರೆದೆ: ‘ಅಟ್ಟದ ಟ್ರಂಕಿನಿಂದ ಹಳೇ ತೆರಿಗೆ ರಸೀದಿ ತೆಗೆಯುವುದು’. ಆ ಭಾನುವಾರವೇ ಆಯಿತು. ರಸೀದಿ ಜೊತೆ ನನ್ನ ಏಳನೇ ಕ್ಲಾಸಿನ ಮಾರ್ಕ್ಸ್ ಕಾರ್ಡೂ ಸಿಕ್ಕಿತು, ಅದು ಬೇರೆ ಕಥೆ. ಈಗ ನನ್ನ ಅಳತೆ ಇಷ್ಟೇ: ಚೀಟಿ ಓದಿದ ತಕ್ಷಣ ಯಾವ ಕಡೆ ಎದ್ದು ಹೋಗಬೇಕು ಅಂತ ಗೊತ್ತಾಗದಿದ್ದರೆ ಆ ಚೀಟಿ ದೊಡ್ಡದಾಯಿತು ಅಂತ ಅರ್ಥ. ಆಮೇಲೆ ‘ಕಾಯ್ತಿರೋದು’ ಅಂತ ನಾಲ್ಕನೇ ಕಾಲಂ ಒಂದನ್ನೂ ಸೇರಿಸಿದೆ. ಅರ್ಜಿ ಕೊಟ್ಟಾಗಿದೆ, ಚೆಂಡು ನಮ್ಮ ಅಂಗಳದಲ್ಲಿಲ್ಲ ಅನ್ನುವ ಕೆಲಸಗಳೆಲ್ಲ ಅಲ್ಲಿಗೆ. ಆ ಕಾಲಂ ಉದ್ದವಾಗುತ್ತಾ ಹೋದರೆ ಫೋನ್ ಮಾಡುವ ಹೊತ್ತಾಯಿತು ಅಂತ ಲೆಕ್ಕ.

ಎಲ್ಲದಕ್ಕೂ ಇದೇ ಸಾಕೇ? ಸಾಲದು. ಮನೆಯಲ್ಲಿ ಮದುವೆ ಇದೆ ಅಂದುಕೊಳ್ಳಿ. ಛತ್ರ ಸಿಗದೆ ತಾರೀಕು ಗಟ್ಟಿಯಾಗಲ್ಲ, ತಾರೀಕು ಗಟ್ಟಿಯಾಗದೆ ಲಗ್ನಪತ್ರಿಕೆ ಅಚ್ಚಾಗಲ್ಲ. ಮುಹೂರ್ತ ಯಾರಿಗೂ ಕಾಯುವುದಿಲ್ಲ. ಅಂಥ ಕಡೆ ಗ್ಯಾಂಟ್ ಚಾರ್ಟೇ ವಾಸಿ. ಹೆನ್ರಿ ಗ್ಯಾಂಟ್ ಎಂಬ ಅಮೆರಿಕದ ಎಂಜಿನಿಯರ್ 1910ರ ದಶಕದಲ್ಲಿ ಜನಪ್ರಿಯ ಮಾಡಿದ್ದು; ಯಾವ ಕೆಲಸ ಯಾವ ದಿನದಿಂದ ಯಾವ ದಿನದವರೆಗೆ ಅಂತ ಅಡ್ಡ ಪಟ್ಟಿಗಳಲ್ಲಿ ತೋರಿಸುತ್ತದೆ. ದಿನಾ ಮಾಡಬೇಕಾದ ವಾಕಿಂಗು, ಓದು ಇಂಥದ್ದಕ್ಕೆ ಗೋಡೆ ಕ್ಯಾಲೆಂಡರಿನಲ್ಲಿ ಒಂದು ಟಿಕ್ ಸಾಕು. ಕೊನೆಯೇ ಇಲ್ಲದೆ ಬರುತ್ತಲೇ ಇರುವ, ಹಿಂದೆಮುಂದೆ ಆದರೂ ನಡೆಯುವ ಕೆಲಸಗಳಿಗೆ ಕಾನ್‌ಬಾನ್ ಸರಿ. ಮನೆ ರಿಪೇರಿ, ಆಫೀಸಿನ ಸಣ್ಣಪುಟ್ಟ ಕೋರಿಕೆಗಳು ಇಂಥವು.

ಇವತ್ತು ಬೆಳಿಗ್ಗೆ ಹಾಲು ತೆಗೆಯುವಾಗ ನೋಡಿದರೆ ನಡುವಿನ ಕಾಲಂನಲ್ಲಿ ನಾಲ್ಕು ಚೀಟಿ. ನಾಲ್ಕನೆಯದು ಅಮ್ಮನ ಅಕ್ಷರ: ‘ಮಿಕ್ಸಿ ಜಾರ್ ರಿಪೇರಿ’. ಮೂರಕ್ಕಿಂತ ಜಾಸ್ತಿ ಹಾಕೋ ಹಾಗಿಲ್ಲಮ್ಮ ಅಂದೆ. “ಹಾಗಾದ್ರೆ ಇವತ್ತು ಚಟ್ನಿ ಇಲ್ಲ” ಅಂದರು.