ನಾಯಿಗೆ ದಿನಾ ಗ್ಯಾಸ್ಟ್ರಿಕ್ ಮಾತ್ರೆ ಕೊಡಬಹುದಾ?

ಪ್ರಶ್ನೆ: ನಮ್ಮ ನಾಯಿ ತಿಂಗಳುಗಳಿಂದ ವಾಂತಿ ಮಾಡುತ್ತಿದೆ. ಹೊಟ್ಟೆಯ ಒಳಪದರದಲ್ಲಿ ಉರಿಯೂತ ಇದೆಯಂತೆ, ರಕ್ತದಲ್ಲಿ ಗ್ಯಾಸ್ಟ್ರಿನ್ ಜಾಸ್ತಿ ಬಂದಿದೆ. ಅಂದರೆ ಆಸಿಡ್ ಜಾಸ್ತಿ ಅಂತ ತಾನೆ? ನಾವು ನುಂಗುವ ಒಮೆಪ್ರಜೋಲನ್ನೇ ದಿನಾ ಕೊಡಬಹುದಾ?

ಎಷ್ಟು ಸಲ ಬರೆದರೂ ಈ ಪ್ರಶ್ನೆ ನಿಲ್ಲುವುದಿಲ್ಲ. ಹಾಗೆ ಸುಮ್ನೆ ಕೊಡಬೇಡಿ. ಡಾಕ್ಟರ್ ಹೇಳಿದಷ್ಟು ದಿನ ಮಾತ್ರ ಕೊಡಿ.

ಗ್ಯಾಸ್ಟ್ರಿನ್ ಜಾಸ್ತಿ ಅಂದರೆ ಆಸಿಡ್ ಜಾಸ್ತಿ ಅನ್ನುವ ನಂಬಿಕೆಯನ್ನು ಮೊದಲು ಬಿಡಿ. ಗ್ಯಾಸ್ಟ್ರಿನ್ ಆಸಿಡ್ ಅಲ್ಲ, ಆಸಿಡ್ ಸುರಿಸಿ ಎಂದು ಹೇಳುವ ಹಾರ್ಮೋನು. ಹೊಟ್ಟೆಯ ಕೆಳಭಾಗದ ಜಿ ಕೋಶಗಳು ಅದನ್ನು ರಕ್ತಕ್ಕೆ ಬಿಡುತ್ತವೆ. ಆಸಿಡ್ ಸಾಕಷ್ಟಾದಾಗ ಸೊಮಾಟೊಸ್ಟಾಟಿನ್ ಎಂಬ ಇನ್ನೊಂದು ಹಾರ್ಮೋನು ಬಂದು ಗ್ಯಾಸ್ಟ್ರಿನ್‌ಗೆ ತಡೆ ಹಾಕುತ್ತದೆ. ಉರಿಯೂತ ಬಹಳ ಕಾಲ ಉಳಿದು ಆಸಿಡ್ ಮಾಡುವ ಕೋಶಗಳೇ ಸವೆದುಹೋದರೆ ಏನಾಗುತ್ತದೆ? ಆಸಿಡ್ ಇಳಿಯುತ್ತದೆ, ತಡೆ ಸಡಿಲವಾಗುತ್ತದೆ, ಗ್ಯಾಸ್ಟ್ರಿನ್ ಏರುತ್ತದೆ. ಅಂದರೆ ನೀವು ಊಹಿಸಿದ್ದಕ್ಕೆ ಪೂರ್ತಿ ಉಲ್ಟಾ! ನಾರ್ವೆಯ ಲುಂಡೆಹುಂಡ್ ತಳಿಯಲ್ಲಿ ಒಳಪದರ ಹೀಗೆ ಸವೆಯುವ ಕಾಯಿಲೆ ಕಂಡುಬಂದಿದೆ. ಬೇರೆ ನಾಯಿಗಳಲ್ಲಿ ಇದು ಅಪರೂಪ.

ಇನ್ನೊಂದು ವಿಷಯ. ಒಮೆಪ್ರಜೋಲ್ ಆಸಿಡನ್ನು ತಡೆದಾಗಲೂ ಗ್ಯಾಸ್ಟ್ರಿನ್ ಏರುತ್ತದೆ. ಮಾತ್ರೆ ಕೊಡುತ್ತಲೇ ರಕ್ತ ಪರೀಕ್ಷೆ ಮಾಡಿಸಿ, ವರದಿ ನೋಡಿ ಗಾಬರಿಯಾಗಿ ಮಾತ್ರೆ ಹೆಚ್ಚಿಸುವವರನ್ನು ನೋಡಿದಾಗ ನಿಜಕ್ಕೂ ಬೇಸರವಾಗುತ್ತದೆ. 3–4 ವಾರಕ್ಕಿಂತ ಜಾಸ್ತಿ ಕೊಟ್ಟಿದ್ದರೆ ದಿಢೀರ್ ಅಂತ ನಿಲ್ಲಿಸಲೂಬಾರದು. ಏರಿದ ಗ್ಯಾಸ್ಟ್ರಿನ್ ಒಮ್ಮೆಲೇ ಆಸಿಡ್ ಸುರಿಸುತ್ತದೆ. ನಿಧಾನವಾಗಿ ಇಳಿಸಬೇಕು.

ಗ್ಯಾಸ್ಟ್ರಿನ್, ಆಸಿಡ್ ಎರಡೂ ನಿಜವಾಗಿ ಏರುವ ಕಾಯಿಲೆಯೂ ಇದೆ, ಗ್ಯಾಸ್ಟ್ರಿನೋಮಾ ಎಂಬ ಗಡ್ಡೆ. ಅದು ತೀರಾ ವಿರಳ. ಸಾಮಾನ್ಯವಾಗಿ ಈ ಉರಿಯೂತದ ಮೂಲ ಹುಡುಕಬೇಕಾದದ್ದು ಆಹಾರದ ಅಲರ್ಜಿ, ಜಂತು, ದೇಹದ ರೋಗನಿರೋಧಕ ಶಕ್ತಿಯ ಎಡವಟ್ಟು ಇಂಥವುಗಳಲ್ಲಿ. ಮೊದಲು ಆಹಾರ ಬದಲಿಸಿ ನೋಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಎಂಡೋಸ್ಕೋಪಿ ಮಾಡಿ ಒಳಪದರದ ಚೂರು ತೆಗೆದು ನೋಡುತ್ತಾರೆ.

ಬೆಕ್ಕು ಸಾಕಿದವರು ಕೇಳದಿದ್ದರೂ ಇದನ್ನು ಹೇಳಲೇಬೇಕು. ರಕ್ತದ ಗ್ಯಾಸ್ಟ್ರಿನ್ ಹೊರಹಾಕುವುದರಲ್ಲಿ ಕಿಡ್ನಿಯ ಪಾಲೂ ಇದೆ. ಹಾಗಾಗಿ ಕಿಡ್ನಿ ಸೋತ ಬೆಕ್ಕಿನಲ್ಲೂ ಗ್ಯಾಸ್ಟ್ರಿನ್ ಏರುತ್ತದೆ. ಇದರಿಂದ ಹುಣ್ಣಾಗುತ್ತದೆ ಎಂದು ಬಹಳ ಕಾಲ ಆಸಿಡ್ ಮಾತ್ರೆ ಕೊಡುತ್ತಿದ್ದರು. ಅಂಥ ಬೆಕ್ಕುಗಳ ಹೊಟ್ಟೆ ಪರೀಕ್ಷಿಸಿದಾಗ ಮುಖ್ಯವಾಗಿ ಸಿಕ್ಕಿದ್ದು ಒಳಪದರ ಗಡುಸಾಗಿರುವುದು, ಕ್ಯಾಲ್ಸಿಯಂ ಕೂತಿರುವುದು. ಹುಣ್ಣಲ್ಲ. ಆ ಬೆಕ್ಕು ವಾಂತಿ ಮಾಡಿದರೆ ವಾಕರಿಕೆ ತಡೆಯುವ ಔಷಧಿಯ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ.