ಪದ ಪರಿಚಯ: ಫಾಸ್ಟ್ ಸ್ಟಾರ್ಟಪ್

ವಿಂಡೋಸ್ ಕಂಪ್ಯೂಟರ್ ಬೇಗ ಆನ್ ಆಗಲಿ ಅಂತ ಮಾಡಿರುವ ಏರ್ಪಾಡು ಫಾಸ್ಟ್ ಸ್ಟಾರ್ಟಪ್. 2012ರಲ್ಲಿ ವಿಂಡೋಸ್ 8ರ ಜೊತೆ ಬಂತು, 10 ಮತ್ತು 11ರಲ್ಲೂ ಇದೆ. ಹೆಚ್ಚಿನ ಕಂಪ್ಯೂಟರ್‌ಗಳಲ್ಲಿ ನಾವು ಕೇಳದೆಯೇ ಆನ್ ಆಗಿರುತ್ತದೆ. ಡೆಸ್ಕ್‌ಟಾಪ್ ಪೂರ್ತಿ ಆಫ್ ಆಗದೆ ಸತಾಯಿಸಿದರೆ ಮೊದಲು ನೋಡಬೇಕಾದ್ದು ಇದನ್ನೇ.

ಮುಂಬಯಿಯ ಮಾಟುಂಗದಲ್ಲಿರುವ ನಮ್ಮವರ ಹೋಟೆಲುಗಳನ್ನೇ ತಗೊಳ್ಳಿ. ಗಲ್ಲಾ ಮೇಲೆ ಬಿಲ್ಲಿಂಗ್ ಡೆಸ್ಕ್‌ಟಾಪ್ ಇರುತ್ತದೆ. ರಾತ್ರಿ ಲೆಕ್ಕ ಮುಗಿಸಿ ಶಟ್‌ಡೌನ್ ಒತ್ತಿದರೆ ಸ್ಕ್ರೀನ್ ಕಪ್ಪಾಗುತ್ತದೆ, ಆದರೆ ಒಳಗಿನ ಫ್ಯಾನ್ ತಿರುಗುತ್ತಲೇ ಇರುತ್ತದೆ. ಶಟರ್ ಎಳೆಯುವ ಅವಸರ, ಲೋಕಲ್ ತಪ್ಪಿಹೋಗುವ ಭಯ. ಗೋಡೆಯ ಸ್ವಿಚ್ಚನ್ನೇ ಆಫ್ ಮಾಡಿ ಹೊರಟುಬಿಡುತ್ತಾರೆ. ದಯವಿಟ್ಟು ಇದನ್ನು ಅಭ್ಯಾಸ ಮಾಡಿಕೊಳ್ಳಬೇಡಿ. ಡಿಸ್ಕ್ ಮೇಲೆ ಬರೆಯುವ ಕೆಲಸ ನಡೆಯುತ್ತಿರುವಾಗ ಕರೆಂಟ್ ಹೋದರೆ ಬಿಲ್ಲಿನ ಫೈಲೇ ಕೆಡಬಹುದು.

ಒಳಗೆ ನಡೆಯುವುದು ಇಷ್ಟು. ಶಟ್‌ಡೌನ್ ಒತ್ತಿದಾಗ ವಿಂಡೋಸ್ ನಮ್ಮ ಪ್ರೋಗ್ರಾಂಗಳನ್ನೆಲ್ಲ ಮುಚ್ಚುತ್ತದೆ. ಆದರೆ ತನ್ನ ತಿರುಳಾದ ಕರ್ನಲ್ ಮತ್ತು ಡ್ರೈವರ್‌ಗಳನ್ನು (ಪ್ರಿಂಟರಿನಂಥ ಭಾಗಗಳನ್ನು ನಡೆಸುವ ಪುಟ್ಟ ಪ್ರೋಗ್ರಾಂಗಳನ್ನು) ಮುಚ್ಚುವುದಿಲ್ಲ. ಅವು ಇದ್ದ ಸ್ಥಿತಿಯನ್ನೇ ಡಿಸ್ಕ್‌ನಲ್ಲಿ ಒಂದು ಫೈಲ್‌ಗೆ ಬರೆದಿಡುತ್ತದೆ. ಬೆಳಿಗ್ಗೆ ಮೊದಲಿಂದ ಶುರು ಮಾಡುವ ಬದಲು ಆ ಫೈಲನ್ನೇ ಓದಿಕೊಂಡು ಎದ್ದು ಕೂರುತ್ತದೆ. ಅಡುಗೆಮನೆಯಲ್ಲಿ ಒಲೆ ಆರಿಸದೆ ಬೂದಿ ಮುಚ್ಚಿ ಕೆಂಡ ಉಳಿಸಿದ ಹಾಗೆ. ಒಂದು ಹಳೆಯ ಡ್ರೈವರ್ ಈ ಅರ್ಧ ನಿದ್ದೆಗೆ ಒಗ್ಗದಿದ್ದರೂ ಸಾಕು, ಕೊನೆಯ ಹೆಜ್ಜೆಯಲ್ಲಿ ಎಲ್ಲ ನಿಂತುಬಿಡುತ್ತದೆ. ಫ್ಯಾನ್ ತಿರುಗುತ್ತಾ ಉಳಿಯುವುದು ಆಗಲೇ.

ಹೀಗಾಗಿ ದಿನಾ ಶಟ್‌ಡೌನ್ ಮಾಡುವ ಕಂಪ್ಯೂಟರ್‌ಗೂ ಹೊಸ ಆರಂಭ ಸಿಕ್ಕಿರುವುದಿಲ್ಲ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಒತ್ತಿ, 'ಅಪ್ ಟೈಮ್' ನೋಡಿ. ನಿನ್ನೆ ರಾತ್ರಿ ಆಫ್ ಮಾಡಿದ್ದರೂ ಹತ್ತಾರು ದಿನದ ಲೆಕ್ಕ ತೋರಿಸಬಹುದು. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಮುಚ್ಚಿ ಹೊಸದಾಗಿ ತೆರೆಯುತ್ತದೆ. 'ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿ' ಅಂತ ಮೆಕ್ಯಾನಿಕ್ ಹೇಳುವುದು ಸುಮ್ನೆ ಅಲ್ಲ.

ಪರೀಕ್ಷೆ ಸುಲಭ. ಕೀಬೋರ್ಡ್‌ನ ಶಿಫ್ಟ್ ಹಿಡಿದುಕೊಂಡೇ ಶಟ್‌ಡೌನ್ ಕ್ಲಿಕ್ ಮಾಡಿ. ಅದೊಂದು ಸಲಕ್ಕೆ ಫಾಸ್ಟ್ ಸ್ಟಾರ್ಟಪ್ ಬಿಟ್ಟು ಪೂರ್ತಿ ಆಫ್ ಆಗುತ್ತದೆ. ಫ್ಯಾನ್ ನಿಂತರೆ ಕಾರಣ ಸಿಕ್ಕಿತು. ಆಮೇಲೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಪವರ್ ಬಟನ್ ಏನು ಮಾಡಬೇಕು ಅಂತ ಆರಿಸುವ ಪುಟ ತೆರೆಯಿರಿ. ಅಲ್ಲಿ ಮಸುಕಾಗಿರುವ ಸೆಟ್ಟಿಂಗ್‌ಗಳನ್ನು ಬದಲಿಸುವ ಲಿಂಕ್ ಒತ್ತಿ, ಫಾಸ್ಟ್ ಸ್ಟಾರ್ಟಪ್ ಮುಂದಿನ ಟಿಕ್ ತೆಗೆದು ಸೇವ್ ಮಾಡಿ. ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ ವೇಗದ ಡಿಸ್ಕ್) ಇರುವ ಡೆಸ್ಕ್‌ಟಾಪ್‌ನಲ್ಲಿ ಇದನ್ನು ತೆಗೆದುಬಿಡುವುದೇ ವಾಸಿ ಅಂತ ನನ್ನ ಅಭಿಪ್ರಾಯ. ಉಳಿಯುವ ಕೆಲವೇ ಸೆಕೆಂಡಿಗೆ ಇಷ್ಟು ತಲೆನೋವು ಯಾಕೆ, ಅಲ್ವಾ? ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಬೆಳಿಗ್ಗೆ ಆನ್ ಆಗಲು ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುತ್ತದೆ. ಒಳಗಿನ ಮುಖ್ಯ ಬೋರ್ಡಾದ ಮದರ್‌ಬೋರ್ಡ್ ಮಾಡಿದ ಕಂಪನಿಯ ಹೊಸ ಚಿಪ್‌ಸೆಟ್ ಡ್ರೈವರ್ (ಆ ಬೋರ್ಡಿನ ಮುಖ್ಯ ಚಿಪ್‌ಗಳದು) ಹಾಕಿದರೆ ಕೆಲವೊಮ್ಮೆ ಫಾಸ್ಟ್ ಸ್ಟಾರ್ಟಪ್ ಇಟ್ಟುಕೊಂಡೇ ತೊಂದರೆ ಹೋಗುತ್ತದೆ.

ಆಫ್ ಆದಮೇಲೂ ಕೀಬೋರ್ಡ್ ದೀಪವೋ ಮದರ್‌ಬೋರ್ಡ್ ಮೇಲಿನ ಪುಟ್ಟ ದೀಪವೋ ಉರಿಯುತ್ತಿದ್ದರೆ ಗಾಬರಿ ಬೇಡ. ಹಿಂದಿನ ಕಾಲದ ಡೆಸ್ಕ್‌ಟಾಪ್‌ಗಳಲ್ಲಿ ಪವರ್ ಸ್ವಿಚ್ ನೇರವಾಗಿ ಕರೆಂಟನ್ನೇ ಕಡಿಯುತ್ತಿತ್ತು. ಅದಕ್ಕೇ ವಿಂಡೋಸ್ 95 'ಇನ್ನು ನೀವು ಕಂಪ್ಯೂಟರ್ ಆಫ್ ಮಾಡಬಹುದು' ಅಂತ ಸ್ಕ್ರೀನ್ ಮೇಲೆ ಬರೆದು ಕಾಯುತ್ತಿತ್ತು. 1995ರಲ್ಲಿ ಇಂಟೆಲ್ ತಂದ ಎಟಿಎಕ್ಸ್ ಮಾದರಿಯಲ್ಲಿ ಆಫ್ ಮಾಡುವ ಕೆಲಸ ಮದರ್‌ಬೋರ್ಡ್‌ಗೆ ಬಂತು. ಅದು ಹಸಿರು ವೈರಿನ ಮೂಲಕ ಕರೆಂಟ್ ಒದಗಿಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ಗೆ ಸೂಚನೆ ಕೊಡುತ್ತದೆ. ನೇರಳೆ ವೈರಿನಲ್ಲಿ ಮಾತ್ರ 5 ವೋಲ್ಟ್ ಸದಾ ಹರಿಯುತ್ತಿರುತ್ತದೆ. ದೀಪ ಉರಿಯುವುದು ಅದರಿಂದ. ಫ್ಯಾನ್ ತಿರುಗುತ್ತಿದೆಯೋ ಇಲ್ಲವೋ, ಅಷ್ಟನ್ನು ನೋಡಿದರೆ ಸಾಕು.

ಶಿಫ್ಟ್ ಹಿಡಿದರೂ ಆಫ್ ಆಗಲಿಲ್ಲವೇ? ಬಿಲ್ ಪ್ರಿಂಟರ್, ಸ್ಕ್ಯಾನರ್, ಯುಪಿಎಸ್‌ನ ಯುಎಸ್‌ಬಿ ಕೇಬಲ್, ಎಲ್ಲ ತೆಗೆದು ಮತ್ತೆ ನೋಡಿ. ಆಗಲೂ ಹಾಗೇ ಇದ್ದರೆ ಕಂಪ್ಯೂಟರ್ ಆನ್ ಮಾಡಿ, ವಿಂಡೋಸ್ ಶುರುವಾಗುವ ಮೊದಲೇ ಸಿಗುವ ಬಯೋಸ್ ಸೆಟ್ಟಿಂಗ್ ಪರದೆಗೆ ಹೋಗಿ, ಅಲ್ಲಿಂದ ಪವರ್ ಬಟನ್ ಒಮ್ಮೆ ಒತ್ತಿ. ತಕ್ಷಣ ಆಫ್ ಆದರೆ ತೊಂದರೆ ಹೆಚ್ಚಾಗಿ ವಿಂಡೋಸ್ ಅಥವಾ ಡ್ರೈವರ್‌ನದು. ಅಲ್ಲೂ ಫ್ಯಾನ್ ನಿಲ್ಲದಿದ್ದರೆ ಬಟನ್, ಮದರ್‌ಬೋರ್ಡ್ ಅಥವಾ ಎಸ್‌ಎಂಪಿಎಸ್ ಮೇಲೆ ಅನುಮಾನ ಪಡಬಹುದು. ಆಗ ಗ್ರಾಂಟ್ ರೋಡ್ ಸ್ಟೇಷನ್ ಪಕ್ಕದ, ಕಂಪ್ಯೂಟರ್ ಅಂಗಡಿಗಳಿರುವ ಲ್ಯಾಮಿಂಗ್ಟನ್ ರೋಡಿಗೆ ಹೊತ್ತುಕೊಂಡು ಹೋಗಿ. ಶಿಫ್ಟ್ ಹಿಡಿದಾಗ ಏನಾಯಿತು, ಬಯೋಸ್‌ನಲ್ಲಿ ಏನಾಯಿತು ಅಂತ ಅಂಗಡಿಯವರಿಗೆ ಮೊದಲೇ ಹೇಳಿ. ಆಮೇಲೆ ಬೇರೆ ಎಸ್‌ಎಂಪಿಎಸ್ ಜೋಡಿಸಿ ತೋರಿಸಲು ಕೇಳಿ, ಹಣ ಕೊಡುವುದು ಅದಾದ ಮೇಲೆ.